ಮಿಂಚುಳ್ಳಿ ಸುತ್ತು

ಹೆಂಡತಿ ಚಪ್ಪಲಿ ಮೆಟ್ಟುತ್ತ, ಒಂದು ಕೈಯನ್ನು ಬಾಗಿಲಿನ ಚೌಕಟ್ಟಿಗೆ ಊರಿಕೊಂಡು, ಒಣಗಿದ ಬಟ್ಟೆ ಒಳಗೆ ತಂದಿಡಿ ಎನ್ನುವ ದನಿಯಲ್ಲೇ ಹೇಳಿದ್ದಳು: "ಆ ಬಾಣಗಳ ಸುತ್ತು ಇವತ್ತು ತೆಗೆದ್ಬಿಡಿ. ಸಂಜೆ ಕೋಚ್ ಬಂದು ತಗೊಂಡು ಹೋಗ್ತಾರೆ." ಅವನ ಬಾಯಿತುಂಬ ಹಲ್ಲುಜ್ಜಿದ ನೊರೆ ಇತ್ತು, "ಹೂಂ" ಎಂದ. ನೊರೆ ಇರದಿದ್ದರೂ ಅಷ್ಟೇ ಎನ್ನುತ್ತಿದ್ದೆ ಎಂದು ಆಮೇಲೆ, ಬಾಯಿ ಮುಕ್ಕಳಿಸುವಾಗ, ಅನ್ನಿಸಿತು. ಗೇಟಿನ ಚಿಲಕ ಬಿದ್ದ ಸದ್ದು, ಬಸ್ಸಿನ ಕಡೆಗೆ ಅವಳ ಹೆಜ್ಜೆ ಬಿರುಸಾದದ್ದು, ಎಲ್ಲ ದಿನದಂತೆ ಕೇಳಿಸಿತು. ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಬಾಣಗಳನ್ನು ಅವಳೇ ಜೋಡಿಸಿಟ್ಟಿದ್ದಳು: ಒಂದು ಡಜನ್ ಕರಿ ಕಾರ್ಬನ್ ಕಡ್ಡಿಗಳು, ಪೆನ್ಸಿಲಿಗಿಂತ ತೆಳ್ಳಗೆ, ಮೊನೆಗಳೆಲ್ಲ ಒಂದೇ ಕಡೆಗೆ. ಬಾಲದ ಕಡೆ ಗೇಣುದ್ದಕ್ಕೆ ಅವನು ಸುತ್ತಿದ ಬಣ್ಣದ ಹಾಳೆ, ಅದರ ಮೇಲೆ ಮೂರು ಮೂರು ಪುಟ್ಟ ಪ್ಲಾಸ್ಟಿಕ್ ಗರಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳ ಕೈ ಜೋಡಿಸಿದ್ದು ಹಾಗೆಯೇ ಇರುತ್ತದೆ. ಯಾವುದೂ ಯಾವುದರ ಮೇಲೂ ಬಿದ್ದಿರುವುದಿಲ್ಲ.

ಅವನದು ಸ್ಟಿಕ್ಕರ್ ಅಂಗಡಿ. ಬೋರ್ಡುಗಳು, ವ್ಯಾನುಗಳ ಮೈಮೇಲಿನ ಅಕ್ಷರ, ಗಾಜಿನ ಬಾಗಿಲಿಗೆ 'ತಳ್ಳಿ', 'ಎಳೆಯಿರಿ' — ಇಪ್ಪತ್ತು ವರ್ಷದಿಂದ ಇದೇ. ಶುಕ್ರವಾರ ರಜೆ. ಹೋದ ವರ್ಷ ಅವಳು ಈ ಬಾಣಗಳನ್ನು ತಂದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕತ್ತರಿಸುವ ಯಂತ್ರದ ಪಕ್ಕದಲ್ಲಿ ಕೂತು ವಾರಗಟ್ಟಲೆ ಈ ಸುತ್ತಿನ ಚಿತ್ರ ಬರೆದಿದ್ದ. ಮಿಂಚುಳ್ಳಿಯ ಬೆನ್ನಿನ ನೀಲಿ, ಅದು ಇಳಿಯುತ್ತ ಹಸಿರಾಗಿ, ಅಂಚಿನಲ್ಲಿ ಎದೆಯ ಕಿತ್ತಳೆಯ ಒಂದೇ ಒಂದು ಗೆರೆ. ಮದುವೆಯಾದ ಹೊಸದರಲ್ಲಿ ಕಾಲುವೆಯ ಸೇತುವೆಯ ಮೇಲೆ ನಿಂತಿದ್ದಾಗ ಅವಳು ತಟ್ಟನೆ ಅವನ ತೋಳು ಹಿಡಿದು "ನೋಡಿ, ನೋಡಿ" ಎಂದಿದ್ದಳು. ಅವನು ತಿರುಗುವಷ್ಟರಲ್ಲಿ ಹಕ್ಕಿ ಇರಲಿಲ್ಲ, ನೀರಿನ ಮೇಲೆ ಬಣ್ಣದ ಒಂದು ಗೀರು ಮಾತ್ರ ಇತ್ತು, ಅದೂ ನಿಜವಾಗಿ ಇತ್ತೋ, ಅವಳು ಹೇಳಿದ್ದರಿಂದ ಕಂಡಿತೋ. ಅದನ್ನೇ ಬರೆದಿದ್ದೇನೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಗೊತ್ತಾಗಬೇಕಿತ್ತು. ಅವಳು "ಚೆನ್ನಾಗಿದೆ" ಎಂದಳು; ಎಂದವಳು ಬಾಣವನ್ನು ತೋರುಬೆರಳ ಮೇಲೆ ಅಡ್ಡ ಇಟ್ಟು ಅದು ಯಾವ ಕಡೆ ವಾಲುತ್ತದೆ ಎಂದು ನೋಡಿದಳು. ಆ ನೋಟದಲ್ಲಿ ತಪ್ಪೇನೂ ಇರಲಿಲ್ಲ. ಒಂದು ವರ್ಷ ಗುರಿಗೆ ಅವುಗಳನ್ನೇ ಬಿಟ್ಟಳು, ಯಾರಾದರೂ ಕೇಳಿದರೆ "ನಮ್ಮನೆಯವರು ಮಾಡಿದ್ದು" ಎಂದಳು. ನಿನ್ನೆ ಊಟಕ್ಕೆ ಕೂತಾಗ ಮಾತ್ರ, ನೀರಿನ ಲೋಟ ಸರಿಸುತ್ತ, ವಿಷಯ ತೆಗೆದಳು.

"ಹಿಂದೆ ಭಾರ ಜಾಸ್ತಿ ಆಗತ್ತಂತೆ. ಭಾನುವಾರ ತಂಡದ ಆಯ್ಕೆ ಇದೆಯಲ್ಲ, ಅಷ್ಟರಲ್ಲಿ ತೆಗೆಸ್ಬಿಡಿ ಅಂದ್ರು ಕೋಚ್. ಬಾಣ ಬಾಲ ಅಲ್ಲಾಡಿಸ್ಕೊಂಡು ಹೋಗತ್ತಂತೆ."

"ಯಾರ ಬಾಲ?" ಎಂದಳು ಅಮ್ಮ. ಅವಳಿಗೆ ಕಿವಿ ಸ್ವಲ್ಪ ಮಂದ.

"ಬಾಣದ್ದು, ಅತ್ತೆ."

"ನಾನೆಲ್ಲೋ ಇವನದ್ದು ಅಂದ್ಕೊಂಡೆ."

ಮೂವರೂ ನಕ್ಕರು. ಅವನ ನಗು ಉಳಿದಿಬ್ಬರದಕ್ಕಿಂತ ತುಸು ಹೆಚ್ಚು ಹೊತ್ತು ನಡೆಯಿತು. ನಿಲ್ಲಿಸಬೇಕೆಂದು ಗೊತ್ತಾದ ಮೇಲೂ ನಡೆಯಿತು.

ಅಂಟಿಸಿದ್ದನ್ನು ಬಿಡಿಸುವುದು ಅವನಿಗೆ ಹೊಸದೇನಲ್ಲ. ವ್ಯಾಪಾರ ಮುಳುಗಿದವನ ಹೆಸರನ್ನು ಗಾಜಿನಿಂದ ಎಬ್ಬಿಸಿ ಹೊಸಬನ ಹೆಸರನ್ನು ಅಲ್ಲೇ ಕೂರಿಸುವಾಗ ಹಳಬನೂ ಪಕ್ಕದಲ್ಲಿ ನಿಂತು ನೋಡಿದ್ದುಂಟು. ಕೆಟಲ್‌ನಲ್ಲಿ ನೀರು ಕುದಿಸಿ ಮೇಜಿಗೆ ತಂದ. ಅದರ ಮೂತಿಯ ಹಬೆಗೆ ಬಾಣದ ಬಾಲ ಹಿಡಿದು ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಿದ. ತೀರ ಬಿಸಿ ಮಾಡುವಂತಿಲ್ಲ, ಕಾರ್ಬನ್ ನೂಲನ್ನು ಹಿಡಿದಿಟ್ಟಿರುವ ಅಂಟೇ ಸಡಿಲಾಗುತ್ತದೆ. ಕೈಗೆ ತಡೆಯುವಷ್ಟು ಬಿಸಿ ಸಾಕು. ಆಮೇಲೆ ಹಾಳೆಯ ಅಂಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಹಿಂದಕ್ಕೆ ಮಡಚಿ, ಅವಸರವಿಲ್ಲದೆ ಎಳೆಯಬೇಕು. ಮೊದಲನೆಯದು ಗರಿಗಳ ಸಮೇತ ಒಂದೇ ಎಳೆತಕ್ಕೆ ಬಂತು, ಬಂದದ್ದು ಸುರುಳಿ ಸುತ್ತಿಕೊಂಡು ಪತ್ರಿಕೆಯ ಮೇಲೆ ಮಗ್ಗುಲಾಯಿತು. ಉಳಿದ ಅಂಟನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದ. ಕೆಳಗಿನ ಕಡ್ಡಿ ಕರ್ರಗೆ, ಮಂಕಾಗಿ, ಹೆಸರಿಲ್ಲದ ವಸ್ತುವಿನಂತೆ ಇತ್ತು. ತನಗೆ ಏನಾದರೂ ಅನ್ನಿಸುತ್ತಿದೆಯೇ ಎಂದು ಅವನು ನೋಡಿಕೊಂಡ. ಏನೂ ಅನ್ನಿಸಲಿಲ್ಲ. ಎರಡನೆಯದನ್ನು ಹಬೆಗೆ ಹಿಡಿದ. ಕೆಲಸಕ್ಕೆ ಒಂದು ಲಯ ಬಂತು, ಲಯದ ಜೊತೆ ಒಂದು ಬಗೆಯ ಸುಖವೂ ಬಂತು; ತಾನು ಬರೆದದ್ದನ್ನು ತಾನೇ ಇಷ್ಟು ಚೊಕ್ಕಟವಾಗಿ ಕೀಳಬಲ್ಲೆ ಎಂಬ ಸುಖ, ಅದು ಅಷ್ಟೇನೂ ಒಳ್ಳೆಯ ಸುಖವಲ್ಲ ಎಂದು ಗೊತ್ತಿದ್ದರೂ.

ಅಮ್ಮ ಕೋಣೆಯಿಂದ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿ, ಗೋಡೆಗೆ ಹೇಳುವವಳಂತೆ ಹೇಳಿದಳು: "ಸೊಸೆ ಬೇಟೆಗೆ ಹೋಗ್ತಾಳೆ, ಮಗ ಮನೇಲಿ ಕೂತು ಕಡ್ಡಿ ಕೆರೀತಾನೆ."

"ಬೇಟೆ ಅಲ್ಲಮ್ಮ, ಆಟ."

"ಆಟಾನೋ ಬೇಟೆನೋ. ಇಷ್ಟು ಚೆಂದ ಇತ್ತು ಬಣ್ಣ. ಯಾಕೆ ಕೀಳ್ತಿದೀಯ?"

"ಭಾರ ಆಗತ್ತಂತೆ."

ಅಮ್ಮ ಒಂದು ಸುರುಳಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ತೂಗಿದಳು. "ಇದಾ?" ಎಂದಳು. ಅದನ್ನು ಅಲ್ಲೇ ಇಟ್ಟು ಬಚ್ಚಲಿಗೆ ಹೋದಳು.

ಬಿಲ್ಲುಗಾರಿಕೆಯ ಕ್ಲಬ್ಬಿಗೆ ಅವಳನ್ನು ಕರೆದುಕೊಂಡು ಹೋದವನು ಅವನೇ. ಕ್ಲಬ್ಬಿನ ಬ್ಯಾನರ್ ಕಟ್ಟಲು ಹೋಗಿದ್ದ ದಿನ, ಸುಮ್ಮನೆ ಜೊತೆಗೆ ಬಂದಿದ್ದಳು. ಏಣಿಯ ಮೇಲಿಂದ ಅವನು ನೋಡುತ್ತಿದ್ದಂತೆ ಕೋಚ್ — ಅವಳು ಹೆಂಡತಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳು, ಕೂದಲನ್ನು ಹುಡುಗರಂತೆ ಕತ್ತರಿಸಿಕೊಂಡವಳು — ಬಿಲ್ಲನ್ನು ಇವಳ ಕೈಗಿಟ್ಟಳು. ರೋಗಿಗಳಿಗೆ ದಿನವಿಡೀ "ಉಸಿರು ಹಿಡೀರಿ, ಅಲ್ಲಾಡ್ಬೇಡಿ" ಎನ್ನುವವಳು ತಾನೇ ಉಸಿರು ಹಿಡಿದು, ಅಲ್ಲಾಡದೆ ನಿಂತು ಬಿಟ್ಟ ಮೊದಲ ಬಾಣ ಗುರಿಯ ನಡುವಿನ ಹಳದಿಯ ಅಂಚಿಗೆ ತಾಗಿತು. ಆಮೇಲೆ ಅವನ ಕೈಗೂ ಕೊಟ್ಟರು. ಹೆದೆ ಬಿಟ್ಟದ್ದೇ ಅದು ಅವನ ಎಡ ಮುಂಗೈಗೆ ಛಟೀರ್ ಎಂದು ಬಡಿಯಿತು. ಬಾಣ ಎಲ್ಲಿಗೆ ಹೋಯಿತೋ, ಎಲ್ಲರೂ ನಕ್ಕರು, ಅವನೂ ನಕ್ಕ. ನೀಲಿಗಟ್ಟಿದ ಗುರುತು ಮಾಯುವ ತನಕ ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡಿದ. ಅವತ್ತಿನಿಂದ ಅಲ್ಲಿ ಅವನು 'ಸ್ಟಿಕ್ಕರ್ ಸರ್'. ಅದರಲ್ಲಿ ಕುಹಕವಿರಲಿಲ್ಲ, ಕುಹಕವಿದ್ದಿದ್ದರೆ ಉತ್ತರ ಕೊಡಬಹುದಿತ್ತು. ಬೇರೆ ಊರಿನ ಪಂದ್ಯದಲ್ಲೊಮ್ಮೆ ಅವನು ಅವಳ ಬಿಲ್ಲಿನ ಪೆಟ್ಟಿಗೆ ಹೊತ್ತು ಹಿಂದೆ ಹೋಗುತ್ತಿದ್ದಾಗ ಯಾರೋ ಒಬ್ಬ "ಡ್ರೈವರ್‌ಗಳಿಗೆ ಊಟ ಆ ಕಡೆ" ಎಂದು ಕೈ ತೋರಿಸಿದ. ಅವನು ಆ ಕಡೆಗೇ ಹೋಗಿ ಊಟ ಮಾಡಿದ. ಊಟ ಚೆನ್ನಾಗಿತ್ತು.

ಅರ್ಧ ಮುಗಿದ ಮೇಲೆ ಸಿಕ್ಕಿದ ಬಾಣದಲ್ಲಿ ಹಾಳೆ ಹಟ ಹಿಡಿಯಿತು. ಅಂಟನ್ನು ಅವನೇ ಎರಡು ಸಲ ಬಳಿದಿದ್ದನೋ ಏನೋ. ಎಳೆದರೆ ಚೂರು ಚೂರಾಗಿ ಹರಿದು, ನೀಲಿ ಮಚ್ಚೆಗಳು ಕಡ್ಡಿಗೆ ಕಚ್ಚಿಕೊಂಡೇ ಉಳಿದವು. ಪ್ಲಾಸ್ಟಿಕ್ ಪಟ್ಟಿ ಜಾರುತ್ತಿತ್ತು. ಅವನು ಎದ್ದು ಕೆಲಸದ ಚೀಲದಿಂದ ತನ್ನ ಬ್ಲೇಡಿನ ಚಾಕು ತಂದ. ಆಗಲೇ ಫೋನ್ ಬಡಿದುಕೊಂಡಿತು.

"ಆಯ್ತಾ?" ಎಂದಳು ಹೆಂಡತಿ. ಹಿಂದೆ ಆಸ್ಪತ್ರೆಯ ಗದ್ದಲ, ಯಾರನ್ನೋ ಸಾಲಿನಲ್ಲಿ ಬನ್ನಿ ಎನ್ನುತ್ತಿದ್ದರು.

"ಅರ್ಧ ಆಯ್ತು."

"ಬ್ಲೇಡ್ ಗೀಡ್ ಹಾಕ್ಬೇಡಿ ಮತ್ತೆ. ಗೀರು ಬಿದ್ರೆ ಬಾಣಾನೇ ಹೋಗತ್ತೆ ಅಂದಿದಾರೆ ಕೋಚ್."

ಅವನ ಬಲಗೈಯಲ್ಲಿ ಚಾಕು ಇತ್ತು. "ಹಾಕಲ್ಲ," ಎಂದ. "ನನಗೆ ಗೊತ್ತಿಲ್ವಾ?"

"ಗೊತ್ತು ನಿಮಗೆ. ಸುಮ್ನೆ ಹೇಳ್ದೆ." ಫೋನ್ ಇಟ್ಟಳು.

ಅವಳು ಹೇಳದೆ ಇದ್ದಿದ್ದರೆ ಚಾಕುವನ್ನು ಪಕ್ಕಕ್ಕಿಡುತ್ತಿದ್ದೆನೇನೋ ಎಂದು ಆಮೇಲೆ ಬಹಳ ಸಲ ಯೋಚಿಸಿದ. ಆದರೆ ಅದು ಹೆಂಡತಿಯ ಮೇಲೆ ಹೊರಿಸುವ ಮಾತಾಯಿತು ಎಂದು ತಾನೇ ಅಳಿಸಿದ. ಇಪ್ಪತ್ತು ವರ್ಷದಲ್ಲಿ ಗಾಜಿನ ಮೇಲೆ, ಬಣ್ಣ ಹೊಡೆದ ತಗಡಿನ ಮೇಲೆ, ಬ್ಲೇಡನ್ನು ಎಷ್ಟು ಮಲಗಿಸಬೇಕು ಎನ್ನುವುದು ಅವನ ಮಣಿಕಟ್ಟಿಗೇ ಗೊತ್ತಿತ್ತು. ಮಲಗಿಸಿ, ನೀಲಿ ಮಚ್ಚೆಯ ಕೆಳಗೆ ತೂರಿಸಿದ. ಒಂದು ಎದ್ದಿತು, ಎರಡು ಎದ್ದಿತು. ಮೂರನೆಯದಕ್ಕೆ ಬ್ಲೇಡು ಒಳಕ್ಕೆ ಹೋಯಿತು. ಹೋದದ್ದು ಕಾಣಿಸಲಿಲ್ಲ, ಬೆರಳಿಗೆ ಗೊತ್ತಾಯಿತು, ಗಟ್ಟಿ ಪದಾರ್ಥ ಒಂದು ಕ್ಷಣ ಮೆತ್ತಗಾದಂತೆ. "ಥೂ" ಎಂದ, ಗಟ್ಟಿಯಾಗಿಯೇ.

"ಕೈ ಕುಯ್ಕೊಂಡ್ಯಾ?" ಒಳಗಿನಿಂದ ಅಮ್ಮ ಕೇಳಿದಳು. ಕೇಳಿಸಬಾರದ ಹೊತ್ತಿಗೆ ಅವಳಿಗೆ ಎಲ್ಲ ಕೇಳಿಸುತ್ತಿತ್ತು.

"ಏನಿಲ್ಲ."

ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒರೆಸಿದ. ಕಪ್ಪಿನ ಮೇಲೆ ಕಪ್ಪು ಗೆರೆ, ಕೂದಲೆಳೆಯಷ್ಟು, ಅಕ್ಕಿಕಾಳಿನ ಉದ್ದ. ಉಗುರಿಟ್ಟು ಅಡ್ಡ ಎಳೆದರೆ ತಡೆಯುತ್ತಿತ್ತು. ಹತ್ತಿಯ ಉಂಡೆ ಸವರಿದರೆ ಅದರ ಒಂದು ನೂಲು ಅಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ಜಾರಿತೋ, ಒತ್ತಿದೆನೋ? ಜಾರಿದ್ದರೆ ಬ್ಲೇಡು ಪಕ್ಕಕ್ಕೆ ಹೋಗಬೇಕಿತ್ತು, ಒಳಕ್ಕೆ ಹೋಗಲು ಕೈ ಒತ್ತಬೇಕು. ಒತ್ತದೆ ಆ ಹಾಳೆ ಏಳುತ್ತಿರಲಿಲ್ಲ, ಹಾಗಾಗಿ ಒತ್ತಿದ್ದು ಹಾಳೆಗಾಗಿಯೇ. ಹೀಗೆ ವಾದಿಸುತ್ತಿದ್ದವನು ಯಾರು, ಯಾರ ಎದುರು, ಎಂದು ಅವನು ತಣ್ಣಗೆ ಕೇಳಿಕೊಂಡ. ಬೇರೆ ಯಾರದೋ ಮೊಕದ್ದಮೆಯ ಹಾಗಿತ್ತು. ಕೋಚ್ ಎಲ್ಲರಿಗೂ ತೋರಿಸಿದ್ದ ಪರೀಕ್ಷೆಯೊಂದಿತ್ತು: ಎರಡು ತುದಿ ಹಿಡಿದು, ಕಿವಿಯ ಹತ್ತಿರ ತಂದು, ಮೆಲ್ಲಗೆ ಬಗ್ಗಿಸಿ, ತಿರುಗಿಸಿ ಮತ್ತೆ ಬಗ್ಗಿಸುವುದು. ಒಳಗೆ ನೂಲು ಬಿಟ್ಟಿದ್ದರೆ ಚಿಟಿಚಿಟಿ ಎನ್ನುತ್ತದೆ. ಎಂದರೆ ಆ ಬಾಣ ಕಸದ ಬುಟ್ಟಿಗೆ. ಅಂಥ ಬಾಣ ಹೆದೆಯ ಹೊಡೆತಕ್ಕೆ ಬಿಲ್ಲಿನಲ್ಲೇ ಸಿಡಿದು, ಬಿಲ್ಲು ಹಿಡಿದ ಕೈಯೊಳಗೆ ಹೊಕ್ಕು ಆಚೆ ಬರುವುದುಂಟು. ಅಂಥದೊಂದು ಕೈ ಹೆಂಡತಿಯ ಆಸ್ಪತ್ರೆಗೆ ಬಂದಿತ್ತು. "ಎಕ್ಸ್‌ರೇಲಿ ಕಾರ್ಬನ್ ಕಾಣೋದೇ ಇಲ್ಲ," ಎಂದು ಅವಳು ಅವತ್ತು ಊಟ ಬಿಟ್ಟು ಹೇಳಿದ್ದಳು. "ಮೂಳೆ ಕಾಣತ್ತೆ, ಉಂಗುರ ಕಾಣತ್ತೆ. ಚೂರು ಎಲ್ಲಿದೆ ಅಂತಾನೇ ಗೊತ್ತಾಗಲ್ಲ." ಅವನು ಬಗ್ಗಿಸಿದ. ಸದ್ದಿಲ್ಲ. ತಿರುಗಿಸಿ ಬಗ್ಗಿಸಿದ. ಚಿಟ್ ಎಂದ ಹಾಗಾಯಿತು. ಅದು ಕಡ್ಡಿಯೋ, ಅವನ ಹೆಬ್ಬೆರಳ ಗಿಣ್ಣೋ, ಕುರ್ಚಿಯೋ. ಮತ್ತೆ ಬಗ್ಗಿಸಿದರೆ ಸದ್ದಿರಲಿಲ್ಲ.

ಹೇಳಿಬಿಡುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಒಂದು ಬಾಣ ಕಡಿಮೆಯಾದರೆ ಅವಳಿಗೆ ಕೊರತೆಯಾಗುತ್ತಿರಲಿಲ್ಲ. ಅವಳು ಬೈಯುವವಳೂ ಅಲ್ಲ. "ಬ್ಲೇಡ್ ಹಾಕ್ಬೇಡಿ ಅಂದಿದ್ನಲ್ಲ" ಎಂದು ಒಂದು ಸಲ ಹೇಳುತ್ತಾಳೆ, ಮುಗಿಯಿತು. ಆ ಒಂದು ವಾಕ್ಯ ಅವನ ಕಣ್ಣೆದುರು ಬಂತು, ಅದನ್ನು ಹೇಳುವಾಗ ಅವಳು ನೋಡುವ ರೀತಿ, ಪಕ್ಕದಲ್ಲಿ ಕೋಚ್ ಇದ್ದರೆ ಆಕೆ ಬೇಕೆಂದೇ ಬೇರೆ ಕಡೆ ತಿರುಗುವ ರೀತಿ. ಅದನ್ನು ತಪ್ಪಿಸಿಕೊಳ್ಳಲು ಹೆಂಡತಿಯ ಕೈಯನ್ನು ಪಣಕ್ಕಿಡುವಷ್ಟು ಸಣ್ಣವನಲ್ಲ ತಾನು ಎಂದು ಅವನು ನಂಬಿದ್ದ. ಹಾಗೆ ನಂಬಿಕೊಂಡೇ ಕಡ್ಡಿಯನ್ನು ಉಳಿದವುಗಳ ಜೊತೆ ಇಟ್ಟ, ಸಂಜೆ ಹೇಳಿದರಾಯಿತು ಎಂದು. ಯಾವುದು ಅಂತ ತನಗೆ ಗೊತ್ತಿರುತ್ತದೆ ಎಂದು. ಉಳಿದವನ್ನು ಪ್ಲಾಸ್ಟಿಕ್ ಪಟ್ಟಿಯಿಂದಲೇ, ಮೊದಲಿಗಿಂತ ಹೆಚ್ಚು ಜಾಗರೂಕತೆಯಿಂದ ಬಿಡಿಸಿದ.

ಸಂಜೆ ಹೆಂಡತಿ ಇನ್ನೂ ಬಂದಿರಲಿಲ್ಲ, ಕೋಚ್ ಸ್ಕೂಟರಿನಿಂದ ಇಳಿಯದೆ ಗೇಟಿನ ಬಳಿಯೇ ನಿಂತಳು. ಅವನು ಬಾಣಗಳನ್ನು ಉದ್ದನೆಯ ಡಬ್ಬಿಗೆ ಹಾಕಿ ಕೊಟ್ಟ. ಅವಳು ಒಂದನ್ನು ಹೊರಗೆಳೆದು ಬೆಳಕಿಗೆ ಹಿಡಿದು, "ಅಬ್ಬಾ, ಎಷ್ಟು ಕ್ಲೀನಾಗಿ ತೆಗೆದಿದೀರಿ ಸ್ಟಿಕ್ಕರ್ ಸರ್! ನಾನಾಗಿದ್ರೆ ಕೆರೆದು ಕೆರೆದು ಹಾಳು ಮಾಡ್ತಿದ್ದೆ" ಎಂದಳು.

"ಅಭ್ಯಾಸ ಅಷ್ಟೇ," ಎಂದ.

"ಬೇಜಾರಾಗ್ಲಿಲ್ವಾ? ಅಷ್ಟು ಚೆನ್ನಾಗಿತ್ತು ಡಿಸೈನು."

"ಛೆ, ಅದಕ್ಕೇನು." ನಾಲಗೆಯ ತುದಿಯಲ್ಲಿದ್ದದ್ದು ಅಲ್ಲೇ ಇತ್ತು. ಆದರೆ ಬೇಜಾರಿನ ಮಾತು ಬಂದ ಮೇಲೆ ಬ್ಲೇಡಿನ ಮಾತು ತೆಗೆದರೆ ಎರಡಕ್ಕೂ ಗಂಟು ಬೀಳುತ್ತದೆ. ಬೇಕೆಂದೇ ಮಾಡಿದ ಎಂದುಕೊಳ್ಳುತ್ತಾಳೆ. ಅವಳು ಡಬ್ಬಿಯನ್ನು ಬೆನ್ನಿಗೆ ಹಾಕಿಕೊಂಡಳು. ಸ್ಕೂಟರು ತಿರುವು ದಾಟಿದ ಮೇಲೆ, ಆ ಕಡ್ಡಿ ಯಾವುದೆಂದು ಇನ್ನು ತನಗೂ ಗೊತ್ತಿಲ್ಲ ಎಂಬುದು ಹೊಳೆಯಿತು.

ಶನಿವಾರ ಸಂಜೆ ಬಾಣಗಳು ಹೊಸ ಹಳದಿ ಗರಿಗಳೊಂದಿಗೆ ಮನೆಗೆ ಬಂದವು. ಹೆಂಡತಿ ಅವನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದಳು. ನೀರು ಬೀಳುವ ಸದ್ದು ಶುರುವಾದದ್ದೇ ಅವನು ಒಂದೊಂದಾಗಿ ಎತ್ತಿಕೊಂಡು ಬಾಲದ ಕಡೆ ಉಗುರು ಎಳೆಯತೊಡಗಿದ. ನುಣುಪು. ನುಣುಪು. ಯಾವುದರಲ್ಲೂ ಉಗುರು ತಡೆಯಲಿಲ್ಲ. ಗರಿ ಅಂಟಿಸಿದ ಜಾಗದ ಕೆಳಗೆ ಹೋಗಿರಬೇಕು, ಅಥವಾ ಅದು ಮೊದಲೇ ಅಂಥ ಗೀರಾಗಿರಲಿಲ್ಲ. ಎರಡನೆಯ ಮಾತನ್ನೇ ಅವನು ನಂಬಲು ಆರಿಸಿಕೊಂಡ. ಬಗ್ಗಿಸಿ ನೋಡಬಹುದಿತ್ತು, ಒಂದು ಬಾಣವನ್ನು ಕೈಗೆತ್ತಿಕೊಂಡೂ ಇದ್ದ, ಆಗ ನೀರು ನಿಂತಿತು. ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏನು ಹುಡುಕ್ತಿದೀರಿ?"

"ಅಂಟು ಉಳಿದಿದ್ಯಾ ಅಂತ."

"ಒಂದು ಚೂರೂ ಇಲ್ಲ. ಕೋಚ್ ಒಂದೊಂದನ್ನೂ ನೋಡಿಯೇ ಗರಿ ಅಂಟಿಸಿದಾರೆ." ಹತ್ತಿರ ಬಂದು, ಅಪರೂಪಕ್ಕೆ, ಅವನ ಭುಜದ ಮೇಲೆ ಕೈಯಿಟ್ಟಳು. ಎಡಗೈ. ಬಿಲ್ಲು ಹಿಡಿಯುವ ಕೈ. ಹೆಬ್ಬೆರಳ ಬುಡದಲ್ಲಿ ಚರ್ಮ ಗಟ್ಟಿಯಾಗಿತ್ತು. "ನಿಮಗೆ ಬೇಜಾರಾಗಿದೆ ಅಂತ ಗೊತ್ತು ನನಗೆ," ಎಂದಳು. "ನಾನು ಕೇಳಿದ ರೀತಿ ಸರಿ ಇರ್ಲಿಲ್ಲ."

ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಸಾಧ್ಯವಿರಲಿಲ್ಲ. ಆದರೆ ಅವನು ಆ ಕ್ಷಣ ಅನ್ಯಾಯಕ್ಕೊಳಗಾದವನ ಜಾಗದಲ್ಲಿದ್ದ, ಆ ಜಾಗ ಬೆಚ್ಚಗಿತ್ತು. ಕೋಚ್ 'ನೋಡಿಯೇ' ಎಂದರೆ ಬಗ್ಗಿಸಿ ನೋಡಿದ್ದಾಳೆ ಎಂದೇ ಅರ್ಥವಲ್ಲವೇ. "ಬಿಡು," ಎಂದ, ದೊಡ್ಡ ಮನಸ್ಸಿನವನಂತೆ.

ಭಾನುವಾರದ ಮೈದಾನದಲ್ಲಿ ಅವನೇ ಕಟ್ಟಿದ ಬ್ಯಾನರ್ ಗಾಳಿಗೆ ಪಟಪಟ ಎನ್ನುತ್ತಿತ್ತು. ಅವನು ಗೆರೆಯ ಹಿಂದಿನ ಬೆಂಚಿನಲ್ಲಿ ಕೂತ. ಹೆಂಡತಿಯ ಬೆನ್ನು, ಎತ್ತಿದ ಎಡಗೈ, ಅದರಾಚೆ ದೂರದಲ್ಲಿ ಬಣ್ಣದ ಬಳೆಗಳಂತೆ ಗುರಿ. ಪ್ರತಿ ಸಲ ಹೆದೆ ಮಿಡಿದಾಗಲೂ ಅವನ ಕಣ್ಣು ಗುರಿಯ ಕಡೆ ಹೋಗಲಿಲ್ಲ, ಆ ಕೈಯ ಮೇಲೇ ಇತ್ತು. ಅವಳು ಹಿಂದೆಂದೂ ಹೀಗೆ ಬಿಟ್ಟಿರಲಿಲ್ಲ. ಬೆಂಚಿನಲ್ಲಿದ್ದವರೆಲ್ಲ "ವಾಹ್" ಎಂದಾಗ ಹಳದಿಗೆ ಬಿತ್ತೆಂದು ಅವನಿಗೆ ತಿಳಿಯುತ್ತಿತ್ತು. ಸುತ್ತು ತೆಗೆದದ್ದು ಸರಿಯಾಗಿತ್ತು, ಕೋಚ್ ಹೇಳಿದ್ದು ನಿಜವಾಗಿತ್ತು. ಬಾಣ ಕಿತ್ತು ತರಲು ಎಲ್ಲರೂ ಗುರಿಯ ಕಡೆ ನಡೆದಾಗ, ಈ ಸಲ ವಾಪಸು ಬಂದಾಗ ಹೇಳುತ್ತೇನೆ ಎಂದುಕೊಂಡ. ಬಂದಾಗ ಅವಳು ನೀರು ಕುಡಿಯುತ್ತಿದ್ದಳು. ಮುಂದಿನ ಸಲ ಕೋಚ್ ಏನೋ ಕಿವಿಮಾತು ಹೇಳುತ್ತಿದ್ದಳು. ಅದರ ಮುಂದಿನ ಸಲ ಅವಳೇ ಅವನ ಕಡೆ ನೋಡಿ ನಕ್ಕಳು, ಆ ನಗುವನ್ನು ಕೆಡಿಸಬಾರದು ಅನ್ನಿಸಿತು. ಈಗ ಹೇಳಿದರೆ ಅವಳ ಮನಸ್ಸು ಕದಡುತ್ತದೆ, ಆಯ್ಕೆ ತಪ್ಪುತ್ತದೆ, ಅವಳ ಒಳ್ಳೆಯದಕ್ಕೇ ಸುಮ್ಮನಿರಬೇಕು. ತನ್ನ ಹೇಡಿತನ ಎಷ್ಟು ಬೇಗ ಅವಳ ಮೇಲಿನ ಕಾಳಜಿಯ ಬಟ್ಟೆ ಹಾಕಿಕೊಂಡು ಬಂತು ಎಂದು ಒಂದು ತೆರನ ಬೆರಗಿನಿಂದ ನೋಡಿದ. ಆ ಬೆರಗೂ ಅಲ್ಲೇ ಕೂತಿರಲು ಒಂದು ನೆಪವಾಯಿತು.

ಅವಳು ಮತ್ತೆ ಗೆರೆಗೆ ಹೋದಳು. ಬಾಣ ಹೂಡಿದಳು, ಬಿಲ್ಲೆತ್ತಿದಳು, ಎಳೆದಳು. ಉಸಿರು ಹಿಡಿದದ್ದು ಅವಳ ಬೆನ್ನಿನಲ್ಲಿ ಕಾಣಿಸಿತು. ಆಗ ಎಲ್ಲೋ ಚಿಟ್ ಎಂದಿತು. ಬೆಂಚಿನ ಹಲಗೆ ಇರಬಹುದು, ಯಾರೋ ಪೆನ್ನಿನ ಗುಂಡಿ ಒತ್ತಿರಬಹುದು.

"ಬಿಡ್ಬೇಡ!"

ಆ ದನಿ ಮೈದಾನದ ಆಚೆ ಗೋಡೆಗೆ ಬಡಿದು ಬಂದಾಗಲೇ ಅದು ತನ್ನದೆಂದು ಅವನಿಗೆ ಗೊತ್ತಾಯಿತು. ಅವನು ಎದ್ದು ನಿಂತಿದ್ದ. ಅವಳು ಬಿಡಲಿಲ್ಲ. ಬೇರೆ ಯಾರೇ ಆಗಿದ್ದರೂ ಬೆಚ್ಚಿ ಕೈ ಸಡಿಲಿಸುತ್ತಿದ್ದರು. ಅವಳು ಎಳೆದ ಹೆದೆಯನ್ನು ಗೇಣುಗೇಣಾಗಿ ಮುಂದಕ್ಕೆ ಬಿಟ್ಟುಕೊಟ್ಟು ಬಿಲ್ಲಿಳಿಸಿದಳು. ಕೋಚ್ ಸೀಟಿ ಊದಿದಳು. ಸಾಲಿಗೆ ಸಾಲೇ ನಿಂತು ಅವನ ಕಡೆ ತಿರುಗಿತು.

"ಏನಾಯ್ತು ಸರ್?"

"ಬಾಣ... ಬಾಣ ಒಂದ್ಸಲ ನೋಡಿ. ಬಗ್ಗಿಸಿ ನೋಡಿ."

ಕೋಚ್ ಅವನನ್ನೊಮ್ಮೆ ನೋಡಿ, ಹೆಂಡತಿಯ ಕೈಯಿಂದ ಬಾಣ ತೆಗೆದುಕೊಂಡು ಕಿವಿಯ ಬಳಿ ಬಗ್ಗಿಸಿದಳು. ತಲೆಯಾಡಿಸಿದಳು, ಏನಿಲ್ಲ. ಸೊಂಟದ ಚೀಲದಿಂದ ಇನ್ನೊಂದು. ಏನಿಲ್ಲ. ಮತ್ತೊಂದು. ಪಕ್ಕದ ಸಾಲಿನವನೊಬ್ಬ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟ. ಬೆಂಚಿನಿಂದ ಯಾರೋ "ಯಜಮಾನ್ರಿಗೆ ಟೆನ್ಶನ್ನು" ಎಂದರು, ಯಾರೋ ಕಿಸಕ್ಕೆಂದರು. ಹೆಂಡತಿಯ ಮುಖದಲ್ಲಿ ಇನ್ನೂ ಸಿಟ್ಟಿರಲಿಲ್ಲ, ಸಿಟ್ಟು ಬರಲು ಕಾಯುತ್ತಿದ್ದ ಸ್ತಬ್ಧತೆ ಇತ್ತು. ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಏನನ್ನು ಬೇಡಿಕೊಳ್ಳುತ್ತಿದ್ದೇನೆ ಎಂದು ನೋಡಿಕೊಂಡರೆ, ಸೀಳಿರಲಿ, ಒಂದಾದರೂ ಸೀಳಿರಲಿ ಎಂದು ಬೇಡಿಕೊಳ್ಳುತ್ತಿದ್ದ.

ಕೋಚ್ ಇನ್ನೊಂದನ್ನು ಬಗ್ಗಿಸಿದಳು. ಈ ಸಲ ಸದ್ದು ಅವನವರೆಗೂ ಬಂತು. ಒಣ ಎಲೆ ತುಳಿದ ಹಾಗೆ. ಅವಳ ಮುಖದ ಬಣ್ಣ ಹೋಯಿತು. ತಿರುಗಿಸಿ ಬೆಳಕಿಗೆ ಹಿಡಿದಳು. ಹಳದಿ ಗರಿಯ ಬುಡದಿಂದ ಹೊರಟ ಸೀಳು ಅರ್ಧ ಬೆರಳುದ್ದ ಓಡಿತ್ತು. "ಅಯ್ಯೋ ದೇವರೇ," ಎಂದಳು. "ಇನ್ನೊಂದು ಸಲ ಬಿಟ್ಟಿದ್ರೆ..." ಹೆಂಡತಿಯ ಎಡಗೈ ಹಿಡಿದುಕೊಂಡಳು. ಜನ ಸುತ್ತುವರಿದರು. ಬಾಣ ಕೈಯಿಂದ ಕೈಗೆ ಹೋಯಿತು. ಗಡಿಯಾರ ನೋಡಿಕೊಂಡವನೇ ಅವನ ಬೆನ್ನು ತಟ್ಟಿ, "ಅಷ್ಟು ದೂರದಿಂದ ಹೇಗೆ ಗೊತ್ತಾಯ್ತು ನಿಮಗೆ?" ಎಂದ.

"ಹಾರೋವಾಗ ಸ್ವಲ್ಪ ಅದುರ್ತಿತ್ತು ಒಂದು," ಎಂದ ಅವನು. ವಾಕ್ಯ ತಯಾರಾಗಿಯೇ ಇದ್ದಂತೆ ಬಂತು. "ಗೆರೆ ನೋಡಿ ನೋಡಿ ಅಭ್ಯಾಸವಾಗಿರೋ ಕಣ್ಣಲ್ವಾ."

"ನಮ್ಮ ಯಾರ ಕಣ್ಣಿಗೂ ಬೀಳ್ಲಿಲ್ಲ ಸರ್," ಎಂದಳು ಕೋಚ್. ಅವಳ ಕಣ್ಣು ಒದ್ದೆಯಾಗಿತ್ತು. "ಶನಿವಾರ ನಾನೇ ಬಗ್ಗಿಸಿ ನೋಡಿದ್ದೆ. ಆಗ ಏನೂ ಇರ್ಲಿಲ್ಲ. ತಪ್ಪು ನಂದೇ."

ಬಾಣ ಕೊನೆಗೆ ಹೆಂಡತಿಯ ಕೈಗೆ ಬಂತು. ಅವಳು ಗುಂಪಿನಿಂದ ಎರಡು ಹೆಜ್ಜೆ ಹೊರಗೆ ಬಂದು, ಬೆಳಕಿಗೆ ಫಿಲ್ಮ್ ಹಿಡಿದು ನೋಡುವ ಹಾಗೆ ಅದನ್ನು ಎತ್ತಿ ಹಿಡಿದಳು. ಸೀಳು ಅಂಕುಡೊಂಕಾಗಿ ಓಡಿತ್ತು, ಮುರಿದದ್ದು ಯಾವಾಗಲೂ ಹಾಗೇ ಓಡುತ್ತದೆ. ಆದರೆ ಅದು ಶುರುವಾದ ಕಡೆ, ಅಕ್ಕಿಕಾಳಿನಷ್ಟು ಉದ್ದಕ್ಕೆ, ಗೆರೆ ನೆಟ್ಟಗಿತ್ತು. ಅವಳು ಅಲ್ಲಿ ಉಗುರಿಟ್ಟಳು. ಆಮೇಲೆ ಅವನ ಹತ್ತಿರ ಬಂದಳು.

"ಬ್ಲೇಡಾ?" ಎಂದಳು, ಅವನಿಗೆ ಮಾತ್ರ ಕೇಳುವಂತೆ.

"ಹೂಂ."

"ಯಾವಾಗ ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ಇಲ್ಲೇ, ಈಗಲೇ, ಎನ್ನಬಹುದಿತ್ತು. ಬೆನ್ನು ತಟ್ಟಿದವರೆಲ್ಲ ಸಾಕ್ಷಿ ಹೇಳುತ್ತಿದ್ದರು. "ಶುಕ್ರವಾರ," ಎಂದ.

ಅವಳು ತಲೆಯಾಡಿಸಿದಳು. ಶುಕ್ರವಾರದಿಂದ ಭಾನುವಾರಕ್ಕೆ ಎಷ್ಟು ದೂರ ಎಂದು ಮನಸ್ಸಿನಲ್ಲೇ ನಡೆದು ನೋಡಿದವಳಂತೆ ಒಂದು ಗಳಿಗೆ ನಿಂತಳು. ಬಾಣವನ್ನು ನೆಲಕ್ಕಿಟ್ಟು ಮೆಟ್ಟಿ ಮುರಿದು, ತುಂಡುಗಳನ್ನು ಕಸದ ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು ಗೆರೆಗೆ ಹೋದಳು. ಉಳಿದ ಬಾಣಗಳನ್ನು ಅಷ್ಟೇ ಚೆನ್ನಾಗಿ ಬಿಟ್ಟಳು. ಆಯ್ಕೆಯಾದಳು. ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತು, ಕಿಟಕಿ ಸ್ವಲ್ಪ ಮುಚ್ಚಿ ಎಂದಳು, ಧೂಳು ಬರುತ್ತಿದೆ ಎಂದಳು. ಮತ್ತೇನಾದರೂ ಕೇಳುತ್ತಾಳೆಂದು ಅವನು ನಿಲ್ದಾಣದಿಂದ ನಿಲ್ದಾಣಕ್ಕೆ ಕಾದ. ಕೇಳಲಿಲ್ಲ. ಜಾರಿತೋ ಒತ್ತಿದಿರೋ ಎಂದು ಕೇಳಿದ್ದರೆ ಅವನ ಬಳಿ ಉದ್ದನೆಯ ಉತ್ತರವಿತ್ತು.

ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಕೋಚ್ ಫೋನ್ ಮಾಡಿ ಅಮ್ಮನಿಗೆ ಎಲ್ಲವನ್ನೂ, ಅತ್ತುಕೊಂಡು, ಗಟ್ಟಿಯಾಗಿ ಹೇಳಿದ್ದಳು. ಎದುರು ಮನೆಯವಳು ಆಗಲೇ ಬಂದು ಸೋಫಾದಲ್ಲಿ ಕೂತಿದ್ದಳು. ಅಮ್ಮ ಕತೆಯನ್ನು ಎರಡನೆಯ ಸಲವೋ ಮೂರನೆಯ ಸಲವೋ ಹೇಳುತ್ತಿದ್ದಳು, ಪ್ರತಿ ಸಲಕ್ಕೂ ಮೈದಾನ ಒಂದಿಷ್ಟು ಉದ್ದವಾಗುತ್ತಿತ್ತು. "ಅಲ್ಲೆಲ್ಲೋ ಮೂಲೇಲಿ ಕೂತಿದ್ದನಂತೆ ಇವನು. ಅಷ್ಟು ಜನ ಇದಾರೆ, ಕಲಿಸೋಳೇ ಇದಾಳೆ, ಒಬ್ಬರಿಗಾದ್ರೂ ಗೊತ್ತಾಗ್ಬೇಕಲ್ಲ? ಇವನು ಕೂಗಿದನಂತೆ, ಬಿಡ್ಬೇಡ ಅಂತ! ನನ್ನ ಮಗ ಬಾಯಿ ಬಿಟ್ಟು ಮಾತಾಡೋದೇ ಕಡಿಮೆ, ಅಂಥದ್ರಲ್ಲಿ..." ಅವನು ಹೆಂಡತಿಯ ಕಡೆ ನೋಡಲಿಲ್ಲ. ಅವಳು ಚಹಾದ ಲೋಟಗಳನ್ನು ತಂದು ಒಬ್ಬೊಬ್ಬರ ಮುಂದಿಟ್ಟಳು. ಅವನ ಮುಂದೆಯೂ ಇಟ್ಟಳು, ಚೆಲ್ಲದಂತೆ.

"ನಿಜವೇನಮ್ಮ?" ಎಂದಳು ಎದುರು ಮನೆಯವಳು ಅವಳಿಗೆ. "ಇವರು ಹೇಳದೆ ಇದ್ದಿದ್ರೆ ನಿನ್ನ ಕೈ ಗತಿ ಏನಾಗ್ತಿತ್ತು?"

"ನಿಜ," ಎಂದಳು ಹೆಂಡತಿ. ಕೊನೆಯ ಲೋಟ ತನಗೆ ತೆಗೆದುಕೊಂಡು ಅತ್ತೆಯ ಪಕ್ಕದಲ್ಲಿ ಕೂತಳು. "ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ಇವರಿಗೇ."

ಅವನು ತಲೆ ತಗ್ಗಿಸಿದ. ಎದುರು ಮನೆಯವಳು ಅದನ್ನು ವಿನಯ ಎಂದುಕೊಂಡಳು.